‘ಬೇಬಿ ಬ್ಲೂಸ್’: ಬಾಣಂತಿಯ ಅಳುವಿಗೆ ನೀಲಿ ಬಣ್ಣ ಎಲ್ಲಿಂದ ಬಂತು?

ಪ್ರಶ್ನೆ: ನನ್ನ ತಂಗಿ ಇಂಗ್ಲೆಂಡಿನಲ್ಲಿದ್ದಾಳೆ. ಹೆರಿಗೆಯಾಗಿ ಆರು ದಿನ ಆಯಿತು. ಮೂರನೇ ದಿನದಿಂದ ಕಾರಣವೇ ಇಲ್ಲದೆ ಅಳುತ್ತಾಳೆ, ಆಮೇಲೆ ತಾನೇ ನಗುತ್ತಾಳೆ. ಮನೆಗೆ ಬಂದ ಮಿಡ್‌ವೈಫ್ ‘ಇದು ಬೇಬಿ ಬ್ಲೂಸ್, ಹೋಗುತ್ತೆ ಬಿಡಿ’ ಅಂದರಂತೆ. ದುಃಖಕ್ಕೂ ನೀಲಿ ಬಣ್ಣಕ್ಕೂ ಏನು ನಂಟು? ಹಡಗಿನ ಕ್ಯಾಪ್ಟನ್ ಸತ್ತರೆ ನೀಲಿ ಬಾವುಟ ಹಾರಿಸುತ್ತಿದ್ದರು, ಅದರಿಂದ ಬಂತು ಅಂತ ವಾಟ್ಸಾಪ್‌ನಲ್ಲಿ ಓದಿದೆ. ಅಮೆರಿಕದ ಬ್ಲೂಸ್ ಹಾಡುಗಳಿಂದ ಬಂತು ಅಂತ ಗೆಳೆಯ ಹೇಳುತ್ತಾನೆ. ಯಾವುದು ಸರಿ? ಹೆಸರು ಇಷ್ಟು ಹಗುರವಾಗಿದೆ ಅಂದರೆ ವಿಷಯವೂ ಹಗುರವೇ ಇರಬೇಕು, ಅಲ್ವಾ?

ಉತ್ತರ: ಎರಡು ಕಥೆಗಳೂ ಸರಿಯಿಲ್ಲ. ಕೊನೆಯ ಪ್ರಶ್ನೆಗೆ ಅರ್ಧ ಹೌದು, ಅರ್ಧ ಇಲ್ಲ. ಅದನ್ನು ಕೊನೆಗೇ ನೋಡೋಣ, ಯಾಕೆಂದರೆ ಈ ಹೆಸರು ನಡೆದು ಬಂದ ದಾರಿ ಗೊತ್ತಾದರೆ ಆ ಉತ್ತರ ಅರ್ಥ ಮಾಡಿಕೊಳ್ಳೋದು ಸುಲಭ. ಈ ಮಾತು ಹುಟ್ಟಿದಾಗ ಹಗುರವಾಗಿ ಇರಲೇ ಇಲ್ಲ. ಅದು ಕಾಯಿಲೆಯ ಮಾತಾಗಿತ್ತು, ಅದರಲ್ಲಿ ದೆವ್ವಗಳಿದ್ದವು.

ಮೊದಲು ಬಾವುಟದ ಕಥೆ ಮುಗಿಸಿಬಿಡೋಣ. ಕ್ಯಾಪ್ಟನ್ ಸತ್ತಾಗ ನೀಲಿ ಬಾವುಟ ಹಾರಿಸಿ, ಹಡಗಿನ ಸುತ್ತ ನೀಲಿ ಪಟ್ಟಿ ಬಳಿದು ಊರಿಗೆ ವಾಪಸ್ ಬರುತ್ತಿದ್ದರು ಅನ್ನೋದು ತುಂಬಾ ಓಡಾಡುವ ಕಥೆ. ಆದರೆ ‘ಬ್ಲೂಸ್’ ಪದವನ್ನು ಆ ಪದ್ಧತಿಗೆ ಜೋಡಿಸುವ ಹಳೆಯ ಬರಹ ಒಂದೂ ಇಲ್ಲ. ಪದಗಳ ಮೂಲದ ಬಗ್ಗೆ ಇಂಥ ಕಥೆಗಳು ನೂರಾರಿವೆ. ಕೇಳೋಕೆ ಚೆನ್ನಾಗಿರುತ್ತವೆ, ಚಿತ್ರ ಕಣ್ಣಿಗೆ ಕಟ್ಟುತ್ತದೆ, ಹಾಗಾಗಿ ಎಲ್ಲರೂ ಫಾರ್ವರ್ಡ್ ಮಾಡುತ್ತಾರೆ. ಪದ ಮೊದಲು ಎಲ್ಲಿ ಸಿಗುತ್ತದೆ, ಯಾರ ಬಾಯಲ್ಲಿ ಸಿಗುತ್ತದೆ ಅಂತ ಮಾತ್ರ ಯಾರೂ ನೋಡಲ್ಲ.

ಹಾಗೆ ನೋಡಿದರೆ ಸಿಗುವುದು ಒಬ್ಬ ನಟ, ಡೇವಿಡ್ ಗ್ಯಾರಿಕ್. ಹದಿನೆಂಟನೇ ಶತಮಾನದ ಇಂಗ್ಲೆಂಡಿನ ಅತಿ ದೊಡ್ಡ ರಂಗನಟ ಅಂತ ಈಗ ಹೇಳುತ್ತೇವೆ. ಆದರೆ 1741ರ ಜುಲೈನಲ್ಲಿ ಆತನಿಗೆ 24 ವರ್ಷ, ಅಣ್ಣ ಪೀಟರ್ ಜೊತೆ ವೈನ್ ವ್ಯಾಪಾರ. ಆ ತಿಂಗಳು ಲಂಡನ್ನಿನಿಂದ ಬರೆದ ಒಂದು ಕಾಗದದಲ್ಲಿ, ಊರಲ್ಲಿ ಸೆಖೆ ವಿಪರೀತ, ಮೈ ಇನ್ನೂ ಪೂರ್ತಿ ಹುಷಾರಾಗಿಲ್ಲ, ಆದರೆ ಮೊದಲಿನ ಹಾಗೆ ‘ಬ್ಲೂಸ್’ ಕಾಟ ಇಲ್ಲ ಅನ್ನುತ್ತಾನೆ. ಈ ಪದ ಈ ಅರ್ಥದಲ್ಲಿ ಸಿಕ್ಕಿರುವ ಅತಿ ಹಳೆಯ ಬಳಕೆಗಳಲ್ಲಿ ಇದೂ ಒಂದು. ಗಮನಿಸಿ, ಮೈಯ ಆರೋಗ್ಯ ಮತ್ತು ಬ್ಲೂಸ್ ಎರಡೂ ಒಂದೇ ಉಸಿರಿನಲ್ಲಿ ಬಂದಿವೆ. ಅದೇನು ಅಂತ ವಿವರಿಸುವ ಗೋಜಿಗೆ ಆತ ಹೋಗಿಲ್ಲ. ಅಂದರೆ ಓದುವವರಿಗೆ ಆಗಲೇ ಗೊತ್ತಿದ್ದ ಪದ ಅದು.

ಈ ಕಥೆಗೆ ಇನ್ನೊಂದು ಕೊಂಡಿ ಇದೆ. ಅದೇ ವರ್ಷ ಅಕ್ಟೋಬರ್ 19ರಂದು ಗ್ಯಾರಿಕ್ ಲಂಡನ್ನಿನ ಗುಡ್‌ಮನ್ಸ್ ಫೀಲ್ಡ್ಸ್ ಎಂಬಲ್ಲಿ ಮೂರನೇ ರಿಚರ್ಡ್ ರಾಜನ ಪಾತ್ರ ಮಾಡಿದ. ಒಂದೇ ರಾತ್ರಿಯಲ್ಲಿ ಹೆಸರಾದ. ಮಾರನೇ ದಿನ ಅಣ್ಣನಿಗೆ ಕಾಗದ ಬರೆದು ಒಳಗಿದ್ದದ್ದನ್ನು ಬಿಚ್ಚಿಟ್ಟ. ನನ್ನ ಮನಸ್ಸು ಯಾವತ್ತೂ ರಂಗದ ಕಡೆಗೇ ಇತ್ತು, ನಿನಗೆ ಅದನ್ನು ಹೇಳುವ ಧೈರ್ಯ ಇರಲಿಲ್ಲ, ನನ್ನ ಕಾಯಿಲೆಗೂ ಮಂಕುತನಕ್ಕೂ ಅದೇ ಕಾರಣ ಅನ್ನುವುದು ಅದರ ಸಾರ. ಮನಸ್ಸಿನಲ್ಲಿ ಬಚ್ಚಿಟ್ಟದ್ದು ಮೈಗೆ ಇಳಿಯಿತು ಅಂತ ಆತನೇ ಹೇಳಿಕೊಳ್ಳುತ್ತಾನೆ. ಬ್ಲೂಸ್ ಅನ್ನುವ ಪದ ಇಂಗ್ಲಿಷಿನಲ್ಲಿ ಓಡಾಡಲು ಶುರು ಮಾಡಿದ ಕಾಲದಲ್ಲಿ ಅದು ಇಂಥ ಎರಡೂ ಕಡೆಯ ಸಂಕಟಕ್ಕೆ ಹೆಸರಾಗಿತ್ತು. ಬರೀ ಬೇಜಾರಿಗೆ ಅಲ್ಲ.

ಆ ಕಾಲದ ಇಂಗ್ಲಿಷರಿಗೆ ಈ ಸಂಕಟ ಹೊಸದೇನಲ್ಲ. 1733ರಲ್ಲೇ ಜಾರ್ಜ್ ಚೇನಿ ಎಂಬ ವೈದ್ಯ ಇದರ ಮೇಲೆ ದಪ್ಪನೆಯ ಪುಸ್ತಕ ಬರೆದು, ಅದಕ್ಕೆ ‘ಇಂಗ್ಲಿಷರ ಕಾಯಿಲೆ’ ಅಂತಲೇ ಹೆಸರಿಟ್ಟಿದ್ದ. ಗುಲ್ಮದ ದೋಷ, ಆವಿ ಏರುವುದು, ಚೈತನ್ಯ ಇಳಿಯುವುದು, ಹೀಗೆ ಹತ್ತು ಹೆಸರು. ಗ್ರೀಕರ ಕಾಲದಿಂದ ಬಂದ ‘ಕಪ್ಪು ಪಿತ್ತ’ ಅಂತೂ ಇದ್ದೇ ಇತ್ತು. ಮಂಕಿಗೆ ಇಂಗ್ಲಿಷಿನಲ್ಲಿರುವ ‘ಮೆಲಂಕಲಿ’ ಪದದ ಅರ್ಥವೇ ಅದು. ಅಂದರೆ ದುಃಖಕ್ಕೆ ಮೊದಲು ಇದ್ದ ಬಣ್ಣ ಕಪ್ಪು. ನೀಲಿ ಯಾಕೆ ಬಂತು?

ಇಲ್ಲಿ ದೆವ್ವಗಳು ಬರುತ್ತವೆ. ‘ಬ್ಲೂಸ್’ ಅನ್ನೋದನ್ನು ‘ಬ್ಲೂ ಡೆವಿಲ್ಸ್’ ಎಂಬುದರ ಮೊಟಕು ರೂಪ ಅಂತಲೇ ನಿಘಂಟುಗಳು ಹೇಳುತ್ತವೆ. ನೀಲಿ ದೆವ್ವಗಳು. ಇಂಗ್ಲೆಂಡಿನಲ್ಲಿ ಬಹಳ ಹಳೆಯದೊಂದು ನಂಬಿಕೆ ಇತ್ತು: ಪ್ರೇತವೋ ದೆವ್ವವೋ ಹತ್ತಿರ ಬಂದರೆ ಮೇಣದ ಬತ್ತಿಯ ಉರಿ ನೀಲಿಯಾಗುತ್ತದೆ ಅಂತ. ಶೇಕ್ಸ್‌ಪಿಯರನ ರಿಚರ್ಡ್, ಯುದ್ಧದ ಹಿಂದಿನ ರಾತ್ರಿ ಪ್ರೇತಗಳನ್ನು ಕಂಡು ಬೆಚ್ಚಿ ಎದ್ದವನು, ದೀಪಗಳು ನೀಲಿಯಾಗಿ ಉರಿಯುತ್ತಿವೆ, ಇದು ಸರಿರಾತ್ರಿ ಅನ್ನುತ್ತಾನೆ. ಹೌದು, ಗ್ಯಾರಿಕ್‌ಗೆ ಹೆಸರು ತಂದ ಅದೇ ನಾಟಕ. (ಆತ ಆಡಿದ್ದು ಬೇರೊಬ್ಬರು ತಿದ್ದಿದ ರಂಗಪಠ್ಯ, ಹಾಗಾಗಿ ಇದರಿಂದ ದೊಡ್ಡದೇನನ್ನೂ ಕಟ್ಟಬೇಡಿ. ಆದರೂ ಮಜಾ ಇದೆ.) ದೆವ್ವಕ್ಕೂ ನೀಲಿಗೂ ನಂಟು ಮೊದಲೇ ಇತ್ತು ಅನ್ನೋದಷ್ಟೇ ಇಲ್ಲಿ ಮುಖ್ಯ.

ಇನ್ನೊಂದು ನಂಟು ಚರ್ಮದ್ದು. ಪೆಟ್ಟು ಬಿದ್ದರೆ, ಚಳಿ ಹಿಡಿದರೆ, ಉಸಿರು ಕಟ್ಟಿದರೆ ಮೈ ನೀಲಿಗಟ್ಟುತ್ತದೆ. ನಮ್ಮಲ್ಲೂ ಅಷ್ಟೇ. ಹಾವು ಕಚ್ಚಿದವನ ಮೈ ನೀಲಿಯಾಯಿತು ಅನ್ನುತ್ತೇವೆ, ವಿಷ ಕುಡಿದ ಶಿವ ನೀಲಕಂಠ. ಇಂಗ್ಲಿಷಿನಲ್ಲಿ ಈ ಸೀಸದಂಥ ಮಂಕು ಬಣ್ಣಕ್ಕೂ ‘ಬ್ಲೂ’ ಅಂತಲೇ ಹೇಳುತ್ತಿದ್ದರು. 14ನೇ ಶತಮಾನದ ಕೊನೆಯಲ್ಲಿ ಕವಿ ಚಾಸರ್ ಒಂದು ಪದ್ಯದ ಶುರುವಿನಲ್ಲೇ ‘ನೀಲಿ ಕಣ್ಣೀರು’ ಅಂತ ಬರೆದಿದ್ದಾನೆ. ಬೆಳಗಾದರೆ ಅಗಲಬೇಕಾದ ಪ್ರೇಮಿಗಳ ಮಾತು ಅದು. ಚಾಸರ್‌ನಿಂದ ಗ್ಯಾರಿಕ್‌ವರೆಗೆ ಮೂರೂವರೆ ಶತಮಾನದ ಅಂತರ ಇದೆ, ಇಬ್ಬರ ನಡುವೆ ನೇರ ಗೆರೆ ಎಳೆಯೋದು ಬೇಡ. ಆದರೆ ಸಂಕಟದ ಮೈ ನೀಲಿ ಅನ್ನುವ ಭಾವನೆ ಆ ಭಾಷೆಯಲ್ಲಿ ತುಂಬಾ ಹಿಂದಿನಿಂದ ಇತ್ತು ಅನ್ನಬಹುದು.

ಈಗ ‘ನೀಲಿ ದೆವ್ವ’ ಅಂದರೆ ಜನ ಏನು ಅಂದುಕೊಳ್ಳುತ್ತಿದ್ದರು? ಎರಡು ಅರ್ಥ. ಒಂದು, ಸುಮ್ಮನೆ ಕವಿಯುವ ಮಂಕು. 1811ರ ಲಂಡನ್ ಬೀದಿಭಾಷೆಯ ನಿಘಂಟಿನಲ್ಲಿ ಈ ಅರ್ಥವನ್ನು ಎರಡೇ ಪದದಲ್ಲಿ ಕೊಟ್ಟು ಮುಗಿಸಿದ್ದಾರೆ. ಇನ್ನೊಂದು ಜಾಸ್ತಿ ಭಯಂಕರ. ವಿಪರೀತ ಕುಡಿಯುವವರು ಇದ್ದಕ್ಕಿದ್ದಂತೆ ಕುಡಿತ ಬಿಟ್ಟರೆ ಎರಡು ಮೂರು ದಿನದಲ್ಲಿ ಕೈಕಾಲು ನಡುಗುತ್ತವೆ, ಬೆವರುತ್ತಾರೆ, ಇಲ್ಲದ ಹುಳ ಹುಪ್ಪಟೆ, ಇಲ್ಲದ ಜನ ಕಣ್ಣಿಗೆ ಕಾಣುತ್ತಾರೆ. 1813ರಲ್ಲಿ ಥಾಮಸ್ ಸಟನ್ ಎಂಬ ಇಂಗ್ಲಿಷ್ ವೈದ್ಯ ಇದಕ್ಕೆ ‘ಡೆಲಿರಿಯಂ ಟ್ರೆಮೆನ್ಸ್’ ಅಂತ ಹೆಸರಿಟ್ಟ. ಸಾಮಾನ್ಯ ಜನರ ಬಾಯಲ್ಲಿ ಅದು ‘ನೀಲಿ ದೆವ್ವಗಳು’. ಇದು ಉಪಮೆ ಅಲ್ಲ, ಕುಡುಕನಿಗೆ ನಿಜಕ್ಕೂ ಏನೇನೋ ಕಾಣುತ್ತಿತ್ತು. ಜರ್ಮನ್ ಭಾಷೆಯಲ್ಲಿ ಇವತ್ತಿಗೂ ‘ನೀಲಿ ಆಗಿದ್ದಾನೆ’ ಅಂದರೆ ಕುಡಿದಿದ್ದಾನೆ ಅಂತಲೇ ಅರ್ಥ. ಇಂಗ್ಲಿಷ್ ಮತ್ತು ಜರ್ಮನ್ ಬಳಕೆ ಒಂದರಿಂದ ಒಂದು ಬಂದವು ಅಂತ ನಾನು ಹೇಳುತ್ತಿಲ್ಲ, ಸುಮ್ನೆ ಹೇಳಿದೆ.

ಈ ದೆವ್ವಗಳನ್ನು ಕಣ್ಣಾರೆ ನೋಡಬೇಕು ಅಂದರೆ ಜಾರ್ಜ್ ಕ್ರೂಕ್‌ಶ್ಯಾಂಕ್ 1823ರಲ್ಲಿ ಬರೆದ ವ್ಯಂಗ್ಯಚಿತ್ರ ಹುಡುಕಿ. ಅದರ ಹೆಸರೇ ‘ಬ್ಲೂ ಡೆವಿಲ್ಸ್’. ಒಬ್ಬ ಮನುಷ್ಯ ಆರಿಹೋದ ಬೆಂಕಿಗೂಡಿನ ಮುಂದೆ ಕುಸಿದು ಕೂತಿದ್ದಾನೆ. ಸುತ್ತ ಪುಟ್ಟ ಪುಟ್ಟ ದೆವ್ವಗಳು. ಒಂದು ಕ್ಷೌರದ ಕತ್ತಿ ಚಾಚುತ್ತಿದೆ, ಇನ್ನೊಂದು ಕುಣಿಕೆ ಹಿಡಿದಿದೆ. ನಗು ಬರಿಸುವ ಚಿತ್ರ ಅಂತ ಮಾರಾಟವಾದದ್ದು ಇದು! ಕ್ರೂಕ್‌ಶ್ಯಾಂಕ್‌ಗಿಂತ ಮೊದಲೇ, 1798ರಲ್ಲಿ, ಲಂಡನ್ನಿನಲ್ಲಿ ಜಾರ್ಜ್ ಕೋಲ್ಮನ್ ಎಂಬಾತ ಇದೇ ಹೆಸರಿನ ಒಂದಂಕದ ಪ್ರಹಸನ ಬರೆದಿದ್ದ. ಹಾಗಾಗಿ ಆ ಹೊತ್ತಿಗಾಗಲೇ ಈ ಕಾಯಿಲೆಯನ್ನು ನೋಡಿ ನಗುವುದು ರೂಢಿಯಾಗಿತ್ತು. ನನಗೆ ಈ ಇಡೀ ಚರಿತ್ರೆಯಲ್ಲಿ ತುಂಬಾ ಮುಖ್ಯ ಅನಿಸುವ ಜಾಗ ಇದೇ. ಜೀವ ತೆಗೆಯಬಲ್ಲ ಒಂದು ಸಂಕಟಕ್ಕೆ ತಮಾಷೆಯ ಹೆಸರು ಅಂಟಿಕೊಂಡಿತು. ಆ ಹೆಸರು ಬಾಯಿಂದ ಬಾಯಿಗೆ ಓಡಾಡಿ ಸವೆಯಿತು. ದೆವ್ವ ಉದುರಿಹೋಯಿತು, ಬಣ್ಣ ಉಳಿಯಿತು. 1807ರಲ್ಲೇ ನ್ಯೂಯಾರ್ಕಿನ ಲೇಖಕ ವಾಷಿಂಗ್ಟನ್ ಅರ್ವಿಂಗ್ ಒಂದು ಹಾಸ್ಯ ಪತ್ರಿಕೆಯಲ್ಲಿ ‘ಬ್ಲೂಸ್’ಗಳ ಒಂದು ದಂಡೇ ಒಬ್ಬನನ್ನು ಹಿಡಿದಿತ್ತು ಅಂತ ಬರೆಯುತ್ತಾನೆ. ಅಲ್ಲಿ ದೆವ್ವ ಅನ್ನೋ ಪದ ಇಲ್ಲ, ಆದರೆ ದಂಡು ಇದೆ. ದೆವ್ವಗಳ ನೆರಳು ಇನ್ನೂ ಪೂರ್ತಿ ಹೋಗಿರಲಿಲ್ಲ.

ಈಗ ನಿಮ್ಮ ಗೆಳೆಯನ ವಾದಕ್ಕೆ ಬರೋಣ. ಬ್ಲೂಸ್ ಹಾಡುಗಳು ಆಫ್ರಿಕನ್-ಅಮೆರಿಕನ್ ಜನ ಕಟ್ಟಿದವು. ಆ ಹೆಸರಿನಲ್ಲಿ ಅಚ್ಚಾದ ಸಂಗೀತ ಸಿಗುವುದು ಸುಮಾರು 1908ರಿಂದ ಈಚೆಗೆ. ಡಬ್ಲ್ಯು. ಸಿ. ಹ್ಯಾಂಡಿಯ ‘ಮೆಂಫಿಸ್ ಬ್ಲೂಸ್’ ಬಂದದ್ದು 1912ರಲ್ಲಿ, ಮೇಮಿ ಸ್ಮಿತ್‌ಳ ‘ಕ್ರೇಜಿ ಬ್ಲೂಸ್’ ರೆಕಾರ್ಡ್ 1920ರಲ್ಲಿ. ಅಂದರೆ ಪದ ಆಗಲೇ 170 ವರ್ಷ ಹಳೆಯದು. ಹಾಡಿನಿಂದ ದುಃಖಕ್ಕೆ ಹೆಸರು ಬರಲಿಲ್ಲ, ದುಃಖದ ಹೆಸರನ್ನು ಹಾಡು ತೆಗೆದುಕೊಂಡಿತು. ಅಮೆರಿಕದ ದಕ್ಷಿಣದಲ್ಲಿ ಗುಲಾಮರು ನೀಲಿ ಗಿಡ ಬೆಳೆದು ಬಣ್ಣ ತೆಗೆಯುತ್ತಿದ್ದರು, ಅದರಿಂದ ಬ್ಲೂಸ್ ಬಂತು ಅಂತಲೂ ಕೆಲವರು ಹೇಳುತ್ತಾರೆ. ಆ ತೋಟಗಳು ನಿಜ, ಆ ಹಿಂಸೆಯೂ ನಿಜ. ಆದರೆ ಸೌತ್ ಕ್ಯಾರೊಲಿನಾದಲ್ಲಿ ನೀಲಿ ಬೆಳೆ ದೊಡ್ಡದಾದದ್ದು 1740ರ ದಶಕದಲ್ಲಿ. ಪದ ಆ ಹೊತ್ತಿಗೆ ಲಂಡನ್ನಿನಲ್ಲಿ ಬಳಕೆಯಲ್ಲೇ ಇತ್ತು.

ಹಾಗಂತ ಗೆಳೆಯನ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಈ ಪದಕ್ಕೆ ಮತ್ತೆ ತೂಕ ಕೊಟ್ಟವರು ಆ ಜನರೇ. ಶಾರ್ಲಟ್ ಫೋರ್ಟನ್ ಅಂತ ಒಬ್ಬ ಶಿಕ್ಷಕಿ ಇದ್ದರು. ಫಿಲಡೆಲ್ಫಿಯಾದಲ್ಲಿ ಸ್ವತಂತ್ರಳಾಗಿ ಹುಟ್ಟಿದ ಕಪ್ಪು ಹೆಣ್ಣುಮಗಳು. ಅಮೆರಿಕದ ಅಂತರ್ಯುದ್ಧದ ನಡುವೆ, ಆಗಷ್ಟೇ ಬಿಡುಗಡೆಯಾದ ಗುಲಾಮರಿಗೆ ಓದು ಕಲಿಸಲು ಸೌತ್ ಕ್ಯಾರೊಲಿನಾದ ದ್ವೀಪಗಳಿಗೆ ಹೋಗಿದ್ದರು. 1862ರ ಡಿಸೆಂಬರ್ 14, ಭಾನುವಾರ. ಅವತ್ತಿನ ದಿನಚರಿಯಲ್ಲಿ ಬರೆಯುತ್ತಾರೆ: ಎಲ್ಲರೂ ಖುಷಿಯಾಗಿದ್ದರು, ನಾನು ಮಾತ್ರ ಬ್ಲೂಸ್ ಹೊತ್ತು ಮನೆಗೆ ಬಂದೆ. ಹಾಸಿಗೆ ಮೇಲೆ ಬಿದ್ದುಕೊಂಡು, ಇಲ್ಲಿಗೆ ಬಂದ ಮೇಲೆ ಮೊದಲ ಸಲ ಒಂಟಿ ಅನಿಸಿತು, ನನ್ನ ಮೇಲೆ ನನಗೇ ಮರುಕ ಬಂತು ಅಂತ. ಇಲ್ಲಿ ದೆವ್ವವಿಲ್ಲ, ಕುಡಿತವಿಲ್ಲ, ತಮಾಷೆಯೂ ಇಲ್ಲ. ನಾವು ಇವತ್ತು ಅರ್ಥಮಾಡಿಕೊಳ್ಳುವ ಬ್ಲೂಸ್ ಇದೇ. ಹಾಡು ಆ ಹೆಸರು ಹೊತ್ತು ಊರೂರಿಗೆ ಹೋದ ಮೇಲೆ ಇಂಗ್ಲಿಷ್ ಗೊತ್ತಿರುವ ಎಲ್ಲರಿಗೂ ಈ ಪದ ಗೊತ್ತಾಯಿತು.

ಇನ್ನು ‘ಬೇಬಿ ಬ್ಲೂಸ್’. ಇದು ತೀರಾ ಈಚಿನದು, ಕಳೆದ ಶತಮಾನದ ನಡುಭಾಗದಲ್ಲಿ ಬಳಕೆಗೆ ಬಂದದ್ದು. ಆ ಹೊತ್ತಿಗೆ ಅಮೆರಿಕ, ಬ್ರಿಟನ್‌ಗಳಲ್ಲಿ ಹೆರಿಗೆ ಮನೆಯಿಂದ ಆಸ್ಪತ್ರೆಗೆ ಹೋಗಿತ್ತು. ಹೆತ್ತವರು ಆಗ ದಿನಗಟ್ಟಲೆ ವಾರ್ಡಿನಲ್ಲೇ ಇರುತ್ತಿದ್ದರು. ಸಾಲಾಗಿ ಮಲಗಿದ ಬಾಣಂತಿಯರು ಮೂರನೇ ನಾಲ್ಕನೇ ದಿನಕ್ಕೆ ಒಬ್ಬೊಬ್ಬರಾಗಿ ಅಳಲು ಶುರು ಮಾಡುವುದು ನರ್ಸ್‌ಗಳ ಕಣ್ಣಿಗೆ ಬೀಳದೆ ಇರುತ್ತದೆಯೇ? ಅದು ಮೊಲೆಯಲ್ಲಿ ಹಾಲು ಇಳಿಯುವ ದಿನವೂ ಹೌದು. ಹಾಗಾಗಿ ಹಾಲಿಗೂ ಬುದ್ಧಿಗೂ ಗಂಟು ಹಾಕುವ ಯೋಚನೆ ಬಹಳ ಹಳೆಯದು. ಪ್ರಾಚೀನ ಗ್ರೀಕ್ ವೈದ್ಯ ಹಿಪಾಕ್ರಟೀಸ್ ಹೆಸರಿನಲ್ಲಿರುವ ಸೂತ್ರಗಳಲ್ಲೇ, ಹೆಂಗಸಿನ ಮೊಲೆಯಲ್ಲಿ ರಕ್ತ ಸೇರಿದರೆ ಅದು ಹುಚ್ಚಿನ ಸೂಚನೆ ಅನ್ನುವ ಮಾತಿದೆ. ಇವತ್ತಿನ ವೈದ್ಯರು ಬೊಟ್ಟು ಮಾಡುವುದು ಬೇರೆ ಕಡೆಗೆ. ಮಾಸು ಬಿದ್ದ ಕೂಡಲೇ ಈಸ್ಟ್ರೊಜೆನ್, ಪ್ರೊಜೆಸ್ಟರಾನ್ ಎಂಬ ಹಾರ್ಮೋನುಗಳ ಮಟ್ಟ ಕೆಲವೇ ದಿನದಲ್ಲಿ ಪಾತಾಳಕ್ಕೆ ಇಳಿಯುತ್ತದೆ. ಅದರ ಮೇಲೆ ನಿದ್ದೆ ಇಲ್ಲ, ಹೊಲಿಗೆ ನೋವು, ಕೈಯಲ್ಲೊಂದು ಹಸುಗೂಸು.

ವೈದ್ಯರ ಬರಹಕ್ಕೆ ಈ ಆಡುಮಾತು ನುಗ್ಗಿದ್ದು 1968ರ ಸುಮಾರಿಗೆ. ಅಮೆರಿಕದ ಮನೋವೈದ್ಯ ಅರ್ವಿನ್ ಯಾಲಂ ಮತ್ತು ಸಂಗಡಿಗರು ಆ ವರ್ಷ ಹೆರಿಗೆ ನಂತರದ ‘ಬ್ಲೂಸ್’ ಮೇಲೇ ಪ್ರಬಂಧ ಪ್ರಕಟಿಸಿದರು. 1973ರಲ್ಲಿ ಬ್ರಿಟನ್ನಿನ ಬ್ರೈಸ್ ಪಿಟ್ ‘ಮೆಟರ್ನಿಟಿ ಬ್ಲೂಸ್’ ಅಂತ ಬರೆದರು. ವೈದ್ಯರು ಸಾಮಾನ್ಯವಾಗಿ ಲ್ಯಾಟಿನ್ ಗ್ರೀಕ್ ಹುಡುಕುವವರು, ಇಲ್ಲಿ ಯಾಕೆ ಬೀದಿಯ ಪದ ಎತ್ತಿಕೊಂಡರು? ನನ್ನ ಪ್ರಕಾರ ಅವರಿಗೆ ಬೇಕಿದ್ದದ್ದೇ ಆ ಹಗುರ. ಹೆರಿಗೆ ಆದ ಮೇಲೆ ಬರುವ ಖಿನ್ನತೆ ಅನ್ನೋ ಕಾಯಿಲೆ ಬೇರೆ ಇದೆ, ಅದಕ್ಕೂ ಇದಕ್ಕೂ ನಡುವೆ ಬೇಲಿ ಹಾಕಬೇಕಿತ್ತು. ಕಾಯಿಲೆಯ ಹೆಸರಾಗಿ ಹುಟ್ಟಿದ ಪದ, ನೂರಾರು ವರ್ಷ ಹೊರಗೆ ಅಲೆದು ಸವೆದು, ‘ಇದು ಕಾಯಿಲೆ ಅಲ್ಲ’ ಅಂತ ಹೇಳುವ ಕೆಲಸಕ್ಕೆ ಆಸ್ಪತ್ರೆಗೆ ವಾಪಸ್ ಬಂತು.

ಇದೇ ಸಾಲಿನಲ್ಲಿ ‘ವಿಂಟರ್ ಬ್ಲೂಸ್’ ಕೂಡ ಇದೆ, ಬಿಸಿಲಿಲ್ಲದ ಚಳಿಗಾಲದ ಮಂಕು. ಅದರ ಗಂಭೀರ ರೂಪವನ್ನು ಮನೋವೈದ್ಯ ನಾರ್ಮನ್ ರೋಸೆಂಥಾಲ್ ತಂಡ 1984ರಲ್ಲಿ ವಿವರಿಸಿತು. ಅದು ಸಾಬೀತಾದ ತೊಂದರೆ. ಜನವರಿಯ ‘ಬ್ಲೂ ಮಂಡೇ’, ವರ್ಷದ ಅತಿ ದುಃಖದ ದಿನ ಅಂತಾರಲ್ಲ, ಅದು ಮಾತ್ರ 2005ರಲ್ಲಿ ಒಂದು ಪ್ರವಾಸ ಚಾನೆಲ್ಲಿನ ಪ್ರಚಾರಕ್ಕೆ ಹುಟ್ಟಿದ್ದು. ಅದರ ಸೂತ್ರಕ್ಕೆ ಅರ್ಥವಿಲ್ಲ. ಇನ್ನು ‘ಬ್ಲೂ ಬೇಬಿ’ ಅಂದರೆ ಬೇರೆಯೇ ವಿಷಯ, ಹೃದಯದ ದೋಷದಿಂದಲೋ ಮತ್ತೊಂದರಿಂದಲೋ ರಕ್ತದಲ್ಲಿ ಆಮ್ಲಜನಕ ಕಡಿಮೆಯಾಗಿ ಮಗುವಿನ ಮೈ ನೀಲಿಗಟ್ಟುವುದು. ಫೋನಿನಲ್ಲಿ ಕೇಳಿಸಿಕೊಂಡು ಎರಡನ್ನೂ ಬೆರೆಸಿ ಊರಲ್ಲಿ ಗಾಬರಿ ಮಾಡಬೇಡಿ. ಕನ್ನಡದಲ್ಲಿ ನೀಲಿಗೆ ದುಃಖದ ಅರ್ಥ ಇಲ್ಲವೇ ಇಲ್ಲ. ನಾವು ಇಂಗ್ಲಿಷಿನ ‘ಬ್ಲೂ’ನಿಂದ ತಂದುಕೊಂಡದ್ದು ನೀಲಿಚಿತ್ರ, ನೀಲನಕ್ಷೆಯಂಥ ಪದಗಳನ್ನು!

ಸರಿ, ತಂಗಿಯ ವಿಷಯ. ಹೆತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಬೇಬಿ ಬ್ಲೂಸ್ ಬರುತ್ತದೆ, ಕೆಲವು ಲೆಕ್ಕದಲ್ಲಿ 80 ಶೇಕಡಾದವರೆಗೂ. ಮೂರರಿಂದ ಐದನೇ ದಿನಕ್ಕೆ ಜೋರಾಗಿ, ಎರಡು ವಾರದೊಳಗೆ ತಾನಾಗಿ ಇಳಿಯುತ್ತದೆ. ಅಳು, ನಗು, ಸಿಡುಕು, ಮತ್ತೆ ಅಳು, ನೀವು ಬರೆದಿರುವ ಲಕ್ಷಣ ಅದಕ್ಕೆ ಹೊಂದುತ್ತದೆ. ಮಿಡ್‌ವೈಫ್ ಹೇಳಿದ್ದರಲ್ಲಿ ತಪ್ಪಿಲ್ಲ. ಇದಕ್ಕೆ ಔಷಧಿ ಬೇಡ. ನಿದ್ದೆ ಬೇಕು, ಊಟ ಬೇಕು, ಮಗುವನ್ನು ಎರಡು ಗಂಟೆ ಎತ್ತಿಕೊಳ್ಳುವ ಇನ್ನೊಂದು ಜೊತೆ ಕೈ ಬೇಕು. ಊರಲ್ಲಾದರೆ ತವರಿನ ಬಾಣಂತನದಲ್ಲಿ ಇವೆಲ್ಲ ಕೇಳದೇ ಸಿಗುತ್ತಿದ್ದವು (ಜೊತೆಗೆ ಕೇಳದ ಸಲಹೆಗಳೂ). ಅಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದರೆ ಆ ಕೈ ಯಾರದು ಅಂತ ಈಗಲೇ ಮಾತಾಡಿಕೊಳ್ಳಿ.

ಆದರೆ ಹೆಸರಿನ ಹಗುರ ನಂಬಿ ಲೆಕ್ಕ ತಪ್ಪಬೇಡಿ. ಎರಡು ವಾರ ದಾಟಿದ ಮೇಲೂ ಮಂಕು ಇಳಿಯದಿದ್ದರೆ, ಮಗು ಮಲಗಿದಾಗಲೂ ಇವಳಿಗೆ ನಿದ್ದೆ ಬರದಿದ್ದರೆ, ಯಾವುದರಲ್ಲೂ ಆಸೆ ಇಲ್ಲದಿದ್ದರೆ, ನಾನು ಕೆಟ್ಟ ತಾಯಿ ಅನ್ನೋದನ್ನೇ ಹೇಳುತ್ತಿದ್ದರೆ ಅದು ಬ್ಲೂಸ್ ಅಲ್ಲ, ಖಿನ್ನತೆ ಇರಬಹುದು. ಭಾರತದ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ 2017ರಲ್ಲಿ ತೆಗೆದ ಲೆಕ್ಕದ ಪ್ರಕಾರ ನಮ್ಮಲ್ಲಿ ಸುಮಾರು 22 ಶೇಕಡಾ ತಾಯಂದಿರಿಗೆ ಇದು ಬರುತ್ತದೆ. ಇದನ್ನು ಪತ್ತೆ ಹಚ್ಚಲು 1987ರಲ್ಲಿ ಎಡಿನ್‌ಬರೋದಲ್ಲಿ ಹತ್ತು ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು, ಅದು ಕನ್ನಡದಲ್ಲೂ ಬಳಕೆಯಾಗಿದೆ. ಇಂಗ್ಲಿಷಿನಲ್ಲಿ ತನ್ನ ಮನಸ್ಸು ಹೇಳಿಕೊಳ್ಳಲು ಕಷ್ಟ ಅನ್ನುವವರಿಗೆ ಇದು ಸಣ್ಣ ವಿಷಯ ಅಲ್ಲ. ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ, ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಿಗಳೂ ಇವೆ.

ಮೂರನೆಯದು ನಮ್ಮ ಅಜ್ಜಿಯರಿಗೂ ಗೊತ್ತಿತ್ತು, ‘ಬಾಣಂತಿ ಸನ್ನಿ’ ಅನ್ನುತ್ತಿದ್ದರಲ್ಲ, ಅದು. ಸಾವಿರಕ್ಕೆ ಒಬ್ಬರಿಬ್ಬರಲ್ಲಿ, ಹೆಚ್ಚಾಗಿ ಮೊದಲ ಎರಡು ವಾರದೊಳಗೇ, ಇದ್ದಕ್ಕಿದ್ದಂತೆ ಬರುತ್ತದೆ. ಇಲ್ಲದ ದನಿ ಕೇಳುವುದು, ಮಗುವಿನ ಬಗ್ಗೆ ವಿಚಿತ್ರ ನಂಬಿಕೆ, ರಾತ್ರಿಯಿಡೀ ಎಚ್ಚರ, ತನಗೋ ಮಗುವಿಗೋ ಏನಾದರೂ ಮಾಡಿಕೊಳ್ಳುವ ಮಾತು. ಇಂಥದ್ದು ಕಂಡರೆ ಎರಡು ವಾರ ಕಾಯೋದಿಲ್ಲ, ಎರಡು ಗಂಟೆಯೂ ಕಾಯೋದಿಲ್ಲ. ಅವತ್ತೇ ಆಸ್ಪತ್ರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮಗುವನ್ನು ಒಟ್ಟಿಗೇ ಸೇರಿಸಿಕೊಂಡು ನೋಡುವ ವಾರ್ಡೇ ಇದೆ. ಬ್ರಿಟನ್ನಿನಲ್ಲೂ ಅಂಥ ವಾರ್ಡುಗಳಿವೆ. ಊರಲ್ಲಿರುವ ಯಾರಿಗಾದರೂ ಇದೇ ಚಿಂತೆ ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು.

ನಿಮ್ಮ ತಂಗಿಗೆ ಇನ್ನೂ ಆರನೇ ದಿನ. ದಿನಾ ಒಂದು ಕರೆ ಮಾಡಿ. ಮಗು ಹೇಗಿದೆ ಅಂತ ಎಲ್ಲರೂ ಕೇಳುತ್ತಿರುತ್ತಾರೆ, ನೀವು ಮೊದಲು ‘ನಿನ್ನೆ ರಾತ್ರಿ ಎಷ್ಟು ಹೊತ್ತು ಮಲಗಿದೆ?’ ಅಂತ ಕೇಳಿ. ಹದಿನೈದನೇ ದಿನವೂ ಅಳು ಇಳಿದಿಲ್ಲ ಅಂತಾದರೆ ಮನೆಗೆ ಬರುವ ಹೆಲ್ತ್ ವಿಸಿಟರ್‌ಗೋ ಅವಳ ಡಾಕ್ಟರ್‌ಗೋ ಹೇಳಲಿ, ಮತ್ತು ಹೇಳುವಾಗ ‘ಬ್ಲೂಸ್’ ಅನ್ನೋ ಪದ ಬಳಸದೆ, ಏನೇನು ಆಗುತ್ತಿದೆಯೋ ಅದನ್ನಷ್ಟೇ ಹೇಳಲಿ.